ಆಯತದ ಚೌಕಟ್ಟಿಗೆ ನಾಲೆ, ಗ್ರಾಮಗಡಿಗಳ ದತ್ತಾಂಶವನ್ನು ಕೋಡ್ ಮೂಲಕ ಕತ್ತರಿಸುವುದು: ಅಂಚಿನಲ್ಲಿ ಬರುವ ತೊಡಕುಗಳು

ಪ್ರಶ್ನೆ: ಮಂಡ್ಯಸೀಮೆ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಸುತ್ತಮುತ್ತಲಿನ ಕೆಲವು ನೀರು ಬಳಕೆದಾರರ ಸಂಘಗಳಿಗಾಗಿ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟನ್ನು ತೋರಿಸುವ ಗೋಡೆನಕ್ಷೆಯೊಂದನ್ನು ನಾವು ಕೆಲವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಪೂರ್ವ ರೇಖಾಂಶ 76.80ರಿಂದ 77.00 ಡಿಗ್ರಿ, ಉತ್ತರ ಅಕ್ಷಾಂಶ 12.45ರಿಂದ 12.60 ಡಿಗ್ರಿ, ಇದು ನಾವು ಆರಿಸಿಕೊಂಡ ಚೌಕಟ್ಟು. ಎ2 ಹಾಳೆಯನ್ನು ಅಡ್ಡಲಾಗಿಟ್ಟು 1:50,000 ಮಾನದಲ್ಲಿ ಮುದ್ರಿಸಬೇಕೆಂಬುದು ಯೋಜನೆ. ನಮ್ಮಲ್ಲಿರುವುದು ಮೂರು ಪದರಗಳು: ಮುಖ್ಯ ನಾಲೆ, ವಿತರಣಾ ನಾಲೆ ಮತ್ತು ಸೀಳುನಾಲೆಗಳ ಗೆರೆಗಳು, ಗ್ರಾಮಗಡಿಗಳ ಬಹುಭುಜಗಳು, ತೂಬುಗಳ ಬಿಂದುಗಳು. ಮೂರೂ ಡಬ್ಲ್ಯೂಜಿಎಸ್ 84ರ ಅಕ್ಷಾಂಶ ರೇಖಾಂಶಗಳಲ್ಲಿ, ಅಂದರೆ ಇಪಿಎಸ್‌ಜಿ 4326ರಲ್ಲಿವೆ. ಗ್ರಾಮಗಳ ಕಡತ ಇಡೀ ರಾಜ್ಯದ್ದಾದ್ದರಿಂದ ತುಂಬ ದೊಡ್ಡದು.

ಕೆಲಸವನ್ನು ಪೈಥಾನ್‌ನಲ್ಲಿ, ನಕ್ಷೆ ದತ್ತಾಂಶಕ್ಕೆಂದು ಇರುವ ಜಿಯೋಪಾಂಡಾಸ್ ಗ್ರಂಥಾಲಯವನ್ನು ಬಳಸಿ ಮಾಡುತ್ತಿದ್ದೇವೆ. ಕಡತವನ್ನು ಓದುವಾಗಲೇ ಬಿಬಾಕ್ಸ್ ಎಂಬ ಆಯ್ಕೆಗೆ ನಾಲ್ಕು ಸಂಖ್ಯೆಗಳನ್ನು ಕೊಟ್ಟರೆ ಚೌಕಟ್ಟಿನ ಅಂಚಿನಲ್ಲಿರುವ ಗ್ರಾಮಗಳು ಕತ್ತರಿಸದೆ ಇಡಿಯಾಗಿಯೇ ಬರುತ್ತವೆ. ಕ್ಲಿಪ್ ಎಂಬ ಫಂಕ್ಷನ್ ಬಳಸಿದರೆ ಅಂಚು ನೇರವಾಗಿ ಕತ್ತರಿಸಿ ಬರುತ್ತದೆಯಾದರೂ ಮೂರು ತೊಡಕುಗಳು ಉಳಿದುಕೊಂಡಿವೆ. ಮೊದಲನೆಯದಾಗಿ, ಚೌಕಟ್ಟಿನ ಒಟ್ಟು ವಿಸ್ತೀರ್ಣ ಸುಮಾರು 36,000 ಹೆಕ್ಟೇರ್ ಆಗಬೇಕಾದಲ್ಲಿ, ಗ್ರಾಮಗಳ ಕೋಷ್ಟಕದಲ್ಲಿರುವ ಹೆಕ್ಟೇರ್ ಕಾಲಂ ಅನ್ನು ಕೂಡಿದರೆ ಅದಕ್ಕಿಂತ ಬಹಳ ಹೆಚ್ಚು ಬರುತ್ತದೆ. ಎರಡನೆಯದಾಗಿ, ಮುದ್ರಣಕ್ಕೆಂದು ಯುಟಿಎಂ (ಮೀಟರ್‌ಗಳಲ್ಲಿ ಅಳೆಯುವ ನಿರ್ದೇಶಾಂಕ ವ್ಯವಸ್ಥೆ) 43ನೇ ವಲಯಕ್ಕೆ ಪರಿವರ್ತಿಸಿದಾಗ ಹಾಳೆಯ ಚೌಕಟ್ಟಿನ ನಾಲ್ಕೂ ಬದಿಗಳಲ್ಲಿ ಒಂದು ತುದಿಯಲ್ಲಿ ಸಣ್ಣದಾಗಿ ಆರಂಭವಾಗಿ ಇನ್ನೊಂದು ತುದಿಯ ಹೊತ್ತಿಗೆ ಎರಡು ಮೂರು ಮಿಲಿಮೀಟರ್ ಅಗಲವಾಗುವ ಬಿಳಿ ಪಟ್ಟಿ ಕಾಣುತ್ತದೆ. ಮೂರನೆಯದಾಗಿ, ಕತ್ತರಿಸಿದ ಅಂಚಿನ ಉದ್ದಕ್ಕೂ ಗ್ರಾಮಗಡಿಯ ಚುಕ್ಕೆಗೆರೆಯೇ ಮೂಡಿ, ಅಲ್ಲಿ ನಿಜವಾಗಿ ಯಾವುದೋ ಗಡಿ ಇದೆಯೇನೋ ಎಂಬಂತೆ ತೋರುತ್ತದೆ.

ಮೊದಲು ಕತ್ತರಿಸಿ ಅನಂತರ ಪರಿವರ್ತಿಸಬೇಕೇ, ಮೊದಲು ಪರಿವರ್ತಿಸಿ ಅನಂತರ ಕತ್ತರಿಸಬೇಕೇ? ಕತ್ತರಿಸಿದ ದತ್ತಾಂಶದ ಮೇಲೆಯೇ ಪ್ರತಿ ವಿತರಣಾ ನಾಲೆಯ ಉದ್ದವನ್ನೂ ಅದರ ಅಚ್ಚುಕಟ್ಟಿನ ಎಕರೆಯನ್ನೂ ಲೆಕ್ಕ ಹಾಕಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.


ಉತ್ತರ: ಚಾಮುಂಡಿತಪ್ಪಲು

ನಿಮ್ಮ ತೊಡಕುಗಳ ಹಿಂದೆ ಎರಡು ಸಂಗತಿಗಳಿವೆ. ಆಯ್ದುಕೊಳ್ಳುವುದು ಮತ್ತು ಕತ್ತರಿಸುವುದು ಬೇರೆ ಬೇರೆ ಕ್ರಿಯೆಗಳು. ಆಯತ ಎಂಬುದು ಯಾವ ನಿರ್ದೇಶಾಂಕ ವ್ಯವಸ್ಥೆಯಲ್ಲಿ ಆಯತ ಎಂಬುದನ್ನು ಹೇಳದ ಹೊರತು ಆ ಮಾತಿಗೆ ಅರ್ಥ ಪೂರ್ಣವಾಗುವುದಿಲ್ಲ.

ಓದುವಾಗ ಕೊಡುವ ಬಿಬಾಕ್ಸ್ ಒಂದು ಶೋಧಕ ಮಾತ್ರ. ಆಯತವನ್ನು ತಾಗುವ ಎಲ್ಲ ಆಕೃತಿಗಳನ್ನೂ ಅದು ಇಡಿಯಾಗಿ ತರುತ್ತದೆ, ಯಾವುದನ್ನೂ ತುಂಡರಿಸುವುದಿಲ್ಲ. ಜಿಯೋಪಾಂಡಾಸ್‌ನ ಸಿಎಕ್ಸ್ ಎಂಬ ಸೂಚಕವೂ, ನಕ್ಷೆ ಕಡತಗಳನ್ನು ಪರಿವರ್ತಿಸುವ ಓಜಿಆರ್‌ಟುಓಜಿಆರ್ ಆದೇಶದಲ್ಲಿನ ಸ್ಪ್ಯಾಟ್ ಎಂಬ ಆಯ್ಕೆಯೂ ಇದೇ ಜಾತಿಯವು. ನಿಜವಾಗಿ ಕತ್ತರಿಸುವುದು ಜಿಯೋಪಾಂಡಾಸ್‌ನ ಕ್ಲಿಪ್ ಮತ್ತು ಓಜಿಆರ್‌ಟುಓಜಿಆರ್‌ನ ಕ್ಲಿಪ್‌ಎಸ್‌ಆರ್‌ಸಿ, ಕ್ಲಿಪ್‌ಡಿಎಸ್‌ಟಿ ಆಯ್ಕೆಗಳು. ಕೊನೆಯ ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ: ಮೊದಲನೆಯದು ಮೂಲ ಕಡತದ ನಿರ್ದೇಶಾಂಕಗಳಲ್ಲಿ ಪರಿವರ್ತನೆಗೆ ಮುನ್ನ ಕತ್ತರಿಸಿದರೆ, ಎರಡನೆಯದು ಪರಿವರ್ತನೆಯಾದ ಮೇಲೆ ಹೊಸ ನಿರ್ದೇಶಾಂಕಗಳಲ್ಲಿ ಕತ್ತರಿಸುತ್ತದೆ. ಶೋಧಕ ನಿಷ್ಪ್ರಯೋಜಕ ಎಂದಲ್ಲ. ರಾಜ್ಯದ ಕಡತವನ್ನು ಪೂರ್ತಿ ಮೆಮೊರಿಗೆ ತುಂಬಿಕೊಳ್ಳದೆ ಬೇಕಾದಷ್ಟನ್ನೇ ಓದಲು ಅದೇ ಸರಿಯಾದ ಉಪಾಯ. ಕಡತ ಜಿಯೋಪ್ಯಾಕೇಜ್ (ಹಲವು ಪದರಗಳನ್ನು ಒಟ್ಟಿಗೆ ಇಡಬಲ್ಲ ಕಡತದ ಮಾದರಿ) ಆಗಿದ್ದು ಅದರೊಳಗೆ ಪ್ರಾದೇಶಿಕ ಸೂಚಿ ಇದ್ದರೆ ಓದುವ ವೇಗ ಗಣನೀಯವಾಗಿ ಹೆಚ್ಚುತ್ತದೆ.

ಇನ್ನು ಬಿಳಿ ಪಟ್ಟಿಯ ವಿಚಾರ. ಯುಟಿಎಂ 43ನೇ ವಲಯ 72ರಿಂದ 78 ಡಿಗ್ರಿ ರೇಖಾಂಶಗಳ ನಡುವಿನದು, ಅದರ ಮಧ್ಯರೇಖೆ 75 ಡಿಗ್ರಿ. ಮಂಡ್ಯ ಈ ಮಧ್ಯರೇಖೆಯಿಂದ ಸುಮಾರು 1.9 ಡಿಗ್ರಿ ಪೂರ್ವಕ್ಕಿದೆ. ರೇಖಾಂಶಗಳು ಉತ್ತರಕ್ಕೆ ಹೋದಂತೆ ಪರಸ್ಪರ ಹತ್ತಿರವಾಗುವುದರಿಂದ, ಮಧ್ಯರೇಖೆಯ ಪೂರ್ವಕ್ಕಿರುವ ಪ್ರತಿ ರೇಖಾಂಶವೂ ಯುಟಿಎಂ ಜಾಲದಲ್ಲಿ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಮೇಲೇರುತ್ತದೆ. ಈ ವಾಲಿಕೆಯ ಕೋನವನ್ನು ಮಧ್ಯರೇಖೆಯಿಂದಿರುವ ಅಂತರವನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಿ ಅಂದಾಜಿಸಬಹುದು. 1.9 ಡಿಗ್ರಿಯನ್ನು 12.5 ಡಿಗ್ರಿಯ ಸೈನ್ ಆದ 0.216ರಿಂದ ಗುಣಿಸಿದರೆ ಸುಮಾರು 0.41 ಡಿಗ್ರಿ ಸಿಗುತ್ತದೆ. ಕೇಳಲು ಇದು ಅಲ್ಪವೆನಿಸಬಹುದು. ಆದರೆ ನಿಮ್ಮ ಚೌಕಟ್ಟಿನ ಎತ್ತರ ಸುಮಾರು 16.6 ಕಿಲೋಮೀಟರ್ ಇರುವುದರಿಂದ ಪಕ್ಕದ ಬದಿಯ ಮೇಲ್ತುದಿ ಕೆಳತುದಿಗಿಂತ ಸುಮಾರು 120 ಮೀಟರ್ ಪಶ್ಚಿಮಕ್ಕೆ ಸರಿಯುತ್ತದೆ. ಅಗಲ ಸುಮಾರು 21.7 ಕಿಲೋಮೀಟರ್ ಆದ್ದರಿಂದ ಕೆಳಬದಿಯ ಪೂರ್ವ ತುದಿ ಪಶ್ಚಿಮ ತುದಿಗಿಂತ ಸುಮಾರು 155 ಮೀಟರ್ ಮೇಲಕ್ಕೇರುತ್ತದೆ. 1:50,000 ಮಾನದಲ್ಲಿ 120 ಮೀಟರ್ ಎಂದರೆ 2.4 ಮಿಲಿಮೀಟರ್, 155 ಮೀಟರ್ ಎಂದರೆ 3.1 ಮಿಲಿಮೀಟರ್. ನಿಮ್ಮ ಹಾಳೆಯಲ್ಲಿ ಕಾಣುವ ಬೆಣೆಯಾಕಾರದ ಬಿಳುಪು ಇಷ್ಟೇ. ದತ್ತಾಂಶದಲ್ಲಿ ಯಾವ ದೋಷವೂ ಇಲ್ಲ, ಡಿಗ್ರಿಗಳಲ್ಲಿ ಆಯತವಾಗಿದ್ದುದು ಮೀಟರ್‌ಗಳಲ್ಲಿ ಆಯತವಾಗಿ ಉಳಿಯುವುದಿಲ್ಲ.

ಆದ್ದರಿಂದ ಹಾಳೆಯ ಮೇಲೆ ಲಂಬಕೋನದ ಚೌಕಟ್ಟು ಬೇಕೆಂದಾದರೆ ಆ ಚೌಕಟ್ಟನ್ನು ಯುಟಿಎಂ ಮೀಟರ್‌ಗಳಲ್ಲೇ ನಿರ್ಧರಿಸಿ. ನಿಮ್ಮ ಪ್ರದೇಶಕ್ಕೆ ಪೂರ್ವಾಂಕ 6,96,000ದಿಂದ 7,17,000, ಉತ್ತರಾಂಕ 13,77,500ರಿಂದ 13,93,500 ಎಂದಿಟ್ಟುಕೊಂಡರೆ 21 ಕಿಲೋಮೀಟರ್ ಅಗಲ, 16 ಕಿಲೋಮೀಟರ್ ಎತ್ತರದ ಚೌಕಟ್ಟು ಸಿಗುತ್ತದೆ. ಹಾಳೆಯ ಮೇಲೆ ಅದು 42 ಸೆಂಟಿಮೀಟರ್‌ಗೆ 32 ಸೆಂಟಿಮೀಟರ್ ಆಗುವುದರಿಂದ ಎ2 ಹಾಳೆಯ ಬಲಬದಿಯಲ್ಲಿ ಚಿಹ್ನೆಗಳ ವಿವರಣೆಗೂ ಸ್ಥಳ ಉಳಿಯುತ್ತದೆ.

ಕೋಡ್‌ನ ಕ್ರಮ ಹೀಗಿರಲಿ. ಈ ಯುಟಿಎಂ ಆಯತವನ್ನು ಎಲ್ಲ ದಿಕ್ಕಿಗೂ ಒಂದು ಕಿಲೋಮೀಟರ್ ಹಿಗ್ಗಿಸಿ, ಪೈಪ್ರೋಜ್ ಗ್ರಂಥಾಲಯದ ಟ್ರಾನ್ಸ್‌ಫಾರ್ಮ್ ಬೌಂಡ್ಸ್ ಬಳಸಿ ಅದರ ಡಿಗ್ರಿ ಎಲ್ಲೆಗಳನ್ನು ಪಡೆಯಿರಿ. ಆ ಫಂಕ್ಷನ್ ನಾಲ್ಕು ಮೂಲೆಗಳನ್ನಷ್ಟೇ ಅಲ್ಲದೆ ಬದಿಗಳ ನಡುವಿನ ಬಿಂದುಗಳನ್ನೂ ಪರಿವರ್ತಿಸಿ ನೋಡುತ್ತದೆ, ಹಾಗಾಗಿ ಉಬ್ಬಿದ ಬದಿಯ ಭಾಗ ಹೊರಗುಳಿಯುವುದಿಲ್ಲ. ಆ ಎಲ್ಲೆಗಳನ್ನು ಬಿಬಾಕ್ಸ್‌ಗೆ ಕೊಟ್ಟು ಕಡತ ಓದಿ. ಓದಿದ್ದನ್ನು ಇಪಿಎಸ್‌ಜಿ 32643ಕ್ಕೆ, ಅಂದರೆ ಯುಟಿಎಂ 43ನೇ ವಲಯಕ್ಕೆ, ಪರಿವರ್ತಿಸಿ. ಹೊರಗೆರೆ ತನ್ನನ್ನೇ ದಾಟುವಂಥ ಅಸಿಂಧುವಾದ ಆಕೃತಿಗಳಿದ್ದರೆ ಮೇಕ್ ವ್ಯಾಲಿಡ್ ಮೂಲಕ ಸರಿಪಡಿಸಿ. ಶೂನ್ಯ ಅಗಲದ ಬಫರ್ ಹಾಕುವ ಹಳೆಯ ರೂಢಿಯನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಎಂಟರ ಆಕಾರದಲ್ಲಿ ತನ್ನನ್ನೇ ದಾಟುವ ಬಹುಭುಜದಲ್ಲಿ ಅದು ಒಂದು ಭಾಗವನ್ನೇ ಸದ್ದಿಲ್ಲದೆ ಕೈಬಿಡಬಹುದು. ಎಲ್ಲ ಮುಗಿದ ಮೇಲೆ ಕೊನೆಯದಾಗಿ ಕತ್ತರಿಸಿ.

ನಾಲ್ಕು ಸಂಖ್ಯೆಗಳ ಅನುಕ್ರಮದ ಬಗ್ಗೆಯೂ ಒಂದು ಮಾತು. ಜಿಯೋಪಾಂಡಾಸ್, ಶೇಪ್ಲಿ, ಓಜಿಆರ್ ಮೂರರಲ್ಲೂ ಅದು ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ. ಜಾಲನಕ್ಷೆಯ ಗ್ರಂಥಾಲಯವಾದ ಲೀಫ್‌ಲೆಟ್ ಅಕ್ಷಾಂಶವನ್ನು ಮೊದಲು ಕೇಳುತ್ತದೆ, ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶವನ್ನು ಹುಡುಕಿ ಕೊಡುವ ಓವರ್‌ಪಾಸ್ ಕೂಡ ದಕ್ಷಿಣ, ಪಶ್ಚಿಮ, ಉತ್ತರ, ಪೂರ್ವ ಎಂದು ಕೇಳುತ್ತದೆ. ಅಲ್ಲಿಂದ ನಕಲು ಮಾಡಿದ ಸಂಖ್ಯೆಗಳನ್ನು ಇಲ್ಲಿ ಹಾಗೆಯೇ ಅಂಟಿಸಿದರೆ ಮಂಡ್ಯದ ಚೌಕಟ್ಟು ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಕಡಲಿಗೆ ಹೋಗಿ ಬೀಳುತ್ತದೆ. ಪ್ರೋಗ್ರಾಂ ಯಾವ ದೋಷಸೂಚನೆಯನ್ನೂ ಕೊಡದೆ ಖಾಲಿ ಕೋಷ್ಟಕವನ್ನು ಹಿಂತಿರುಗಿಸುತ್ತದೆ. ಆದ್ದರಿಂದ ಓದಿದ ಕೂಡಲೇ ಸಾಲುಗಳ ಸಂಖ್ಯೆ ಸೊನ್ನೆಯಲ್ಲ ಎಂದು ಪರೀಕ್ಷಿಸುವ ಒಂದು ಸಾಲು ಕೋಡ್‌ನಲ್ಲಿರಲಿ.


ಉತ್ತರ: ಭೂಮಾಪಕ, ಮಂಡ್ಯ

ಮೇಲಿನ ವಿವರಣೆಯಲ್ಲಿ ಯುಟಿಎಂ ಕುರಿತ ಭಾಗಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ನಿಮ್ಮ ಮೊದಲ ತೊಡಕಾದ ಹೆಕ್ಟೇರ್ ಕಾಲಂ ಬಗ್ಗೆ ಬರೆಯುತ್ತೇನೆ.

ಕಂದಾಯ ಕೆಲಸದಲ್ಲಿ ಇದ್ದವರಿಗೆ ಇದು ಪೋಡಿಯ ವಿಚಾರದಂತೆಯೇ ಕಾಣುತ್ತದೆ. ಒಂದು ಸರ್ವೆ ನಂಬರ್ ಅನ್ನು ಪೋಡಿ ಮಾಡಿ ಎರಡು ಭಾಗವಾಗಿಸಿದ ಮೇಲೆ ಪಹಣಿಯಲ್ಲಿ ವಿಸ್ತೀರ್ಣವನ್ನು ತಿದ್ದದೆ ಬಿಟ್ಟರೆ, ನೆಲದ ಮೇಲೆ ಎರಡು ಎಕರೆ ಇರುವ ತುಂಡಿಗೂ ಕಾಗದದಲ್ಲಿ ಹಳೆಯ ಐದು ಎಕರೆಯೇ ಉಳಿದುಕೊಳ್ಳುತ್ತದೆ. ಕ್ಲಿಪ್ ಮಾಡುವ ಸಾಧನಗಳು ಸಾಮಾನ್ಯವಾಗಿ ಆಕೃತಿಯನ್ನು ಮಾತ್ರ ತುಂಡರಿಸುತ್ತವೆ, ಕೋಷ್ಟಕದ ಸಾಲನ್ನು ಮುಟ್ಟುವುದಿಲ್ಲ. ಅಂಚಿನ ಗ್ರಾಮದ ಹತ್ತನೇ ಒಂದು ಭಾಗ ಮಾತ್ರ ಚೌಕಟ್ಟಿನೊಳಗೆ ಇದ್ದರೂ ಆ ಸಾಲಿನಲ್ಲಿ ಇಡೀ ಗ್ರಾಮದ ಹೆಕ್ಟೇರ್ ಹಾಗೆಯೇ ನಿಂತಿರುತ್ತದೆ. ನಿಮ್ಮ ಮೊತ್ತ ಹೆಚ್ಚಾಗಿರುವುದು ಅಂಚಿನ ಗ್ರಾಮಗಳಿಂದಲೇ.

ಆರ್ ಭಾಷೆಯ ಎಸ್‌ಎಫ್ ಪ್ಯಾಕೇಜ್‌ನಲ್ಲಿ ಎಸ್‌ಟಿ ಕ್ರಾಪ್ ಮಾಡಿದಾಗ, ಕಾಲಂಗಳ ಮೌಲ್ಯವು ಆಕೃತಿಯ ಉದ್ದಗಲಕ್ಕೂ ಒಂದೇ ಆಗಿದೆ ಎಂದು ಊಹಿಸಲಾಗಿದೆ ಎಂಬರ್ಥದ ಎಚ್ಚರಿಕೆ ಬರುತ್ತದೆ. ಅನೇಕರು ಅದನ್ನು ಕಿರಿಕಿರಿಯೆಂದು ಮುಚ್ಚಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಪ್ಯಾಕೇಜ್‌ನ ಅತ್ಯಂತ ಉಪಯುಕ್ತ ಎಚ್ಚರಿಕೆಗಳಲ್ಲಿ ಅದೂ ಒಂದು, ಮತ್ತು ಜಿಯೋಪಾಂಡಾಸ್‌ನಲ್ಲಿ ಅಂಥದ್ದು ಇಲ್ಲದಿರುವುದು ಒಂದು ಕೊರತೆಯೇ. ಗ್ರಾಮದ ಹೆಸರು, ಹೋಬಳಿ, ತಾಲ್ಲೂಕು ಇವು ತುಂಡಿಗೂ ಸರಿಯಾಗಿಯೇ ಅನ್ವಯಿಸುತ್ತವೆ. ಉದ್ದ ಮತ್ತು ವಿಸ್ತೀರ್ಣಗಳನ್ನು ಕತ್ತರಿಸಿದ ಮೇಲೆ ಹೊಸದಾಗಿ ಅಳೆಯಬೇಕು. ಜನಸಂಖ್ಯೆಯಂಥ ಕಾಲಂ ಇದ್ದರೆ ಅದು ಈ ಎರಡು ಗುಂಪಿಗೂ ಸೇರುವುದಿಲ್ಲ. ನಮ್ಮ ಕಡೆ ಊರು ಒಂದು ಕಡೆ ಗುಂಪಾಗಿದ್ದು ಸುತ್ತ ಗದ್ದೆಯೇ ಇರುವುದರಿಂದ, ಶೇಕಡಾ ನಲವತ್ತು ಭೂಮಿ ಒಳಗಿದೆಯೆಂದು ಶೇಕಡಾ ನಲವತ್ತು ಜನ ಒಳಗಿದ್ದಾರೆ ಎನ್ನಲಾಗದು. ಊರಿನ ಗ್ರಾಮಠಾಣ ಯಾವ ಬದಿಯಲ್ಲಿದೆ ಎಂಬುದೇ ಅಲ್ಲಿ ನಿರ್ಣಾಯಕ.

ಆದ್ದರಿಂದ ಕತ್ತರಿಸುವ ಮುನ್ನ ಮೂಲ ವಿಸ್ತೀರ್ಣವನ್ನು ಯುಟಿಎಂ ಮೀಟರ್‌ಗಳಲ್ಲಿ ಅಳೆದು ಒಂದು ಕಾಲಂನಲ್ಲಿಡಿ, ಕತ್ತರಿಸಿದ ಮೇಲೆ ಉಳಿದ ವಿಸ್ತೀರ್ಣವನ್ನು ಇನ್ನೊಂದರಲ್ಲಿಡಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ಒಳಗಿರುವ ಪಾಲನ್ನು ಮೂರನೆಯದರಲ್ಲಿಡಿ. ಪಾಲು ಒಂದಕ್ಕಿಂತ ಕಡಿಮೆ ಇರುವ ಗ್ರಾಮಗಳೇ ಅಂಚಿನ ಗ್ರಾಮಗಳು, ಅವುಗಳ ಪಟ್ಟಿ ಪುಕ್ಕಟೆಯಾಗಿ ಸಿಕ್ಕಂತಾಗುತ್ತದೆ. ದತ್ತಾಂಶ ಡಿಗ್ರಿಗಳಲ್ಲಿರುವಾಗ ವಿಸ್ತೀರ್ಣ ಕೇಳಬೇಡಿ, ಚದರ ಡಿಗ್ರಿ ಎಂಬುದು ಯಾವ ಕೆಲಸಕ್ಕೂ ಬಾರದು: 12.5 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108.7 ಕಿಲೋಮೀಟರ್, ಒಂದು ಡಿಗ್ರಿ ಅಕ್ಷಾಂಶ ಸುಮಾರು 110.6 ಕಿಲೋಮೀಟರ್.

ಯುಟಿಎಂ ಸಮವಿಸ್ತೀರ್ಣದ ಪ್ರಕ್ಷೇಪವಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಮಂಡ್ಯದ ರೇಖಾಂಶದಲ್ಲಿ ಅದು ವಿಸ್ತೀರ್ಣವನ್ನು ಹಿಗ್ಗಿಸುವುದು ಹತ್ತು ಸಾವಿರಕ್ಕೆ ಎರಡೂವರೆಯಷ್ಟು. ನಿಮ್ಮ ಇಡೀ ಚೌಕಟ್ಟಿನಲ್ಲಿ ಅದು ಹತ್ತು ಹೆಕ್ಟೇರ್‌ನ ಒಳಗೇ ಇರುತ್ತದೆ, ಗ್ರಾಮಗಡಿಗಳನ್ನು ಗಣಕಕ್ಕೆ ಇಳಿಸುವಾಗ ಆಗಿರಬಹುದಾದ ಏರುಪೇರು ಅದಕ್ಕಿಂತ ಹೆಚ್ಚೇ ಇರುತ್ತದೆ.


ಉತ್ತರ: ಕುಕ್ಕರಹಳ್ಳಿ

ಮೂರನೆಯ ತೊಡಕಿಗೆ ಎರಡು ದಾರಿಗಳಿವೆ. ಚೌಕಟ್ಟಿಗಿಂತ ಐನೂರು ಮೀಟರ್ ಹೊರಗೆ ಕತ್ತರಿಸಿ, ಉಳಿದುದನ್ನು ಮುದ್ರಣ ವಿನ್ಯಾಸದ ಚೌಕಟ್ಟೇ ಮರೆಮಾಡಲು ಬಿಡುವುದು ಸುಲಭವಾದದ್ದು. ಹಾಗಾಗದಿದ್ದರೆ, ಬಹುಭುಜಗಳ ಹೊರಗೆರೆಯನ್ನು ಕತ್ತರಿಸುವ ಮುನ್ನವೇ ಬೌಂಡರಿ ಎಂಬ ಗುಣದ ಮೂಲಕ ಪ್ರತ್ಯೇಕ ಗೆರೆಪದರವಾಗಿ ತೆಗೆದುಕೊಂಡು, ಗೆರೆಗಳನ್ನೂ ಬಹುಭುಜಗಳನ್ನೂ ಬೇರೆ ಬೇರೆಯಾಗಿ ಕತ್ತರಿಸಿ, ಬಹುಭುಜಕ್ಕೆ ಬಣ್ಣ ಮಾತ್ರ, ಗೆರೆಪದರಕ್ಕೆ ಚುಕ್ಕೆಗೆರೆ ಮಾತ್ರ ಕೊಡಬೇಕು. ಗೆರೆಯನ್ನು ಕತ್ತರಿಸಿದರೆ ಅದು ಅಂಚಿನಲ್ಲಿ ನಿಲ್ಲುತ್ತದೆ, ಅಂಚಿನ ಉದ್ದಕ್ಕೂ ಹೊಸ ಗೆರೆಯನ್ನು ಸೃಷ್ಟಿಸುವುದಿಲ್ಲ.


ಮರುಪ್ರಶ್ನೆ: ಮಂಡ್ಯಸೀಮೆ

ಮೂವರಿಗೂ ಧನ್ಯವಾದಗಳು. ಚೌಕಟ್ಟನ್ನು ಯುಟಿಎಂ ಮೀಟರ್‌ಗಳಲ್ಲಿ ಇಟ್ಟ ಮೇಲೆ ಬಿಳಿ ಪಟ್ಟಿ ಪೂರ್ತಿ ಹೋಗಿದೆ, ಅಂಚಿನ ಗ್ರಾಮಗಳ ಪಾಲೂ ಸರಿಯಾಗಿ ಬರುತ್ತಿದೆ. ಗ್ರಾಮಗಡಿಗೆ ಎರಡನೆಯ ದಾರಿಯನ್ನೇ ಹಿಡಿದಿದ್ದೇವೆ.

ಇದೇ ನಕ್ಷೆಯ ಜಾಲಪುಟದ ರೂಪದಲ್ಲಿ ಕೆರೆಗಳ ಪದರವನ್ನೂ ಸೇರಿಸಿದ್ದು, ಬ್ರೌಸರ್‌ನಲ್ಲಿ ಟರ್ಫ್ ಗ್ರಂಥಾಲಯದ ಬಿಬಾಕ್ಸ್‌ಕ್ಲಿಪ್ ಬಳಸುತ್ತಿದ್ದೇವೆ. ಅಂಚಿನಲ್ಲಿರುವ ಕೆರೆಯೊಂದು ಕವಲೊಡೆದ ಆಕಾರದ್ದು, ಅದರ ಎರಡು ತೋಳುಗಳು ಮಾತ್ರ ಚೌಕಟ್ಟಿನೊಳಗೆ ಬರುತ್ತವೆ. ಕತ್ತರಿಸಿದ ಮೇಲೆ ಆ ಎರಡು ತೋಳುಗಳ ನಡುವೆ ಅಂಚಿನ ಮೇಲೆ ಒಂದು ನೀಲಿ ಎಳೆ ಉಳಿಯುತ್ತದೆ, ಮತ್ತು ಎರಡೂ ಸೇರಿ ಒಂದೇ ಬಹುಭುಜವೆಂದು ಎಣಿಕೆಯಾಗುತ್ತದೆ. ಪೈಥಾನ್‌ನಲ್ಲಿ ಹೀಗಾಗುವುದಿಲ್ಲ. ಇದಕ್ಕೇನು ಕಾರಣ?

ಹಾಗೆಯೇ ನಾಲೆಗಳ ಉದ್ದದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಪ್ರತಿ ವಿತರಣಾ ನಾಲೆಯ ಮೇಲ್ಭಾಗ, ಮಧ್ಯಭಾಗ, ಕೊನೆಭಾಗ ಎಂದು ಮೂರು ಬಣ್ಣ ಹಚ್ಚಿ ತೋರಿಸಬೇಕೆಂದು ಸಂಘದವರು ಕೇಳಿದ್ದಾರೆ.


ಉತ್ತರ: ಚಾಮುಂಡಿತಪ್ಪಲು

ಕೆರೆಯ ಎಳೆಗೆ ಕಾರಣ ಕ್ರಮವಿಧಿಯೇ. ಐವನ್ ಸದರ್ಲ್ಯಾಂಡ್ ಮತ್ತು ಗ್ಯಾರಿ ಹಾಡ್ಜ್‌ಮನ್ 1974ರಲ್ಲಿ ಪ್ರಕಟಿಸಿದ ವಿಧಾನವು ಬಹುಭುಜವನ್ನು ಆಯತದ ನಾಲ್ಕು ಬದಿಗಳಿಗೆ ಒಂದೊಂದಾಗಿ ಒಡ್ಡುತ್ತದೆ: ಪ್ರತಿ ಬದಿಗೂ ಬಹುಭುಜದ ಬಿಂದುಗಳನ್ನು ಸಾಲಾಗಿ ನಡೆದು, ಒಳಗಿರುವ ಬಿಂದುವನ್ನು ಇಟ್ಟುಕೊಂಡು, ಹೊರಗಿರುವುದನ್ನು ಬಿಟ್ಟು, ದಾಟುವ ಕಡೆ ಹೊಸ ಬಿಂದುವನ್ನು ಸೇರಿಸುತ್ತದೆ. ಬಹಳ ಚಿಕ್ಕದಾದ, ವೇಗವಾದ ಕೋಡ್ ಅದು. ಆದರೆ ಅದು ಒಳಗೆ ತೆಗೆದುಕೊಳ್ಳುವುದೂ ಹೊರಗೆ ಕೊಡುವುದೂ ಬಿಂದುಗಳ ಒಂದೇ ಸರಣಿಯನ್ನು. ಒಳಬಾಗಿದ ಬಹುಭುಜವೊಂದು ಕತ್ತರಿಸಿದಾಗ ಎರಡು ತುಂಡಾಗಬೇಕಾದರೆ, ಅದನ್ನು ಎರಡು ಸರಣಿಗಳಾಗಿ ಒಡೆಯುವ ವ್ಯವಸ್ಥೆಯೇ ಅದರಲ್ಲಿಲ್ಲ. ಆದ್ದರಿಂದ ಮೊದಲ ತೋಳಿನಿಂದ ಎರಡನೆಯ ತೋಳಿಗೆ ಅಂಚಿನ ಮೇಲೆಯೇ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗುತ್ತದೆ. ನಿಮಗೆ ಕಾಣುವ ನೀಲಿ ಎಳೆ ಆ ಶೂನ್ಯ ಅಗಲದ ದಾರಿ. ಟರ್ಫ್‌ನ ಕೈಪಿಡಿಯೂ ಬಹುಭುಜಗಳನ್ನು ಕತ್ತರಿಸುವಾಗ ಇಂಥ ಅಂಚುಗಳು ಉಂಟಾಗಬಹುದೆಂದು ಹೇಳುತ್ತದೆ. ಗೆರೆಗಳಿಗೆ ಈ ತೊಂದರೆ ಇಲ್ಲ, ಗೆರೆ ಎಷ್ಟು ತುಂಡಾದರೂ ಅಷ್ಟೂ ತುಂಡುಗಳಾಗಿಯೇ ಬರುತ್ತದೆ.

ಪೈಥಾನ್‌ನಲ್ಲಿ ಕೆಲಸ ಮಾಡುವುದು ಜಿಯೋಸ್ ಎಂಬ ಸಿ++ ಗ್ರಂಥಾಲಯ. ಅದರಲ್ಲಿ ಎರಡು ಮಾರ್ಗಗಳಿವೆ. ಕ್ಲಿಪ್‌ಗೆ ನಾಲ್ಕು ಸಂಖ್ಯೆಗಳ ಪಟ್ಟಿಯನ್ನು ಕೊಟ್ಟರೆ ಜಿಯೋಪಾಂಡಾಸ್ ಆಯತಕ್ಕೆಂದೇ ಇರುವ ವೇಗದ ಮಾರ್ಗವನ್ನು ಹಿಡಿಯುತ್ತದೆ. ಅದು ತುಂಡುಗಳನ್ನು ಬೇರೆ ಮಾಡಿಯೇ ಕೊಡುತ್ತದೆಯಾದರೂ ಫಲಿತಾಂಶ ಸಿಂಧುವಾಗಿರುತ್ತದೆಂಬ ಭರವಸೆಯನ್ನು ಕೈಪಿಡಿ ಕೊಡುವುದಿಲ್ಲ. ನಕ್ಷೆ ದತ್ತಾಂಶವನ್ನು ಡೇಟಾಬೇಸ್‌ನಲ್ಲಿ ನಿರ್ವಹಿಸುವ ಪೋಸ್ಟ್‌ಜಿಐಎಸ್‌ನ ಎಸ್‌ಟಿ ಕ್ಲಿಪ್‌ಬೈಬಾಕ್ಸ್‌2ಡಿ ಕೂಡ ಇದೇ ಒಪ್ಪಂದದ್ದು: ಒಳಗೆ ಹೋಗುವ ಆಕೃತಿ ಅಸಿಂಧುವಾಗಿದ್ದರೂ ಅದು ದೋಷವೆಂದು ನಿಲ್ಲುವುದಿಲ್ಲ, ಹೊರಗೆ ಬರುವುದಕ್ಕೂ ಖಾತರಿ ಇಲ್ಲ. ನಿಧಾನವಾದ ಇನ್ನೊಂದು ಮಾರ್ಗವೆಂದರೆ ಆಯತವನ್ನೂ ಒಂದು ಬಹುಭುಜವೆಂದೇ ಪರಿಗಣಿಸಿ ಇಂಟರ್ಸೆಕ್ಷನ್ ಮಾಡುವುದು. ಅದು ಅಸಿಂಧು ಆಕೃತಿ ಎದುರಾದಾಗ ಟೋಪೋಲಜಿ ದೋಷವೆಂದು ಜಗಳ ತೆಗೆಯಬಹುದು, ಆದರೆ ಕೊಟ್ಟದ್ದನ್ನು ನಂಬಬಹುದು. ನಿಮ್ಮ ಚೌಕಟ್ಟಿನೊಳಗೆ ಬರುವಷ್ಟು ಗ್ರಾಮಗಳಿಗೆ ವೇಗದ ಲಾಭ ಗಮನಕ್ಕೂ ಬಾರದು, ಆದ್ದರಿಂದ ಬಹುಭುಜಗಳಿಗೆ ಇಂಟರ್ಸೆಕ್ಷನ್ ಬಳಸಿ ಎಂಬುದು ನನ್ನ ಸಲಹೆ. ಜಾಲಪುಟಕ್ಕೂ ಬ್ರೌಸರ್‌ನಲ್ಲಿ ಕತ್ತರಿಸುವ ಬದಲು ಪೈಥಾನ್‌ನಲ್ಲಿ ಕತ್ತರಿಸಿದ ಜಿಯೋಜೇಸನ್ ಕಡತವನ್ನೇ ಇಡಿ. ಚೌಕಟ್ಟು ಸ್ಥಿರವಾಗಿರುವಾಗ ಪ್ರತಿ ಓದುಗನ ಮೊಬೈಲ್‌ನಲ್ಲೂ ಅದೇ ಕೆರೆಯನ್ನು ಮತ್ತೆ ಮತ್ತೆ ಕತ್ತರಿಸುವುದರಲ್ಲಿ ಅರ್ಥವಿಲ್ಲ. ಹಾಗೆ ಇಡುವಾಗ ಮಾತ್ರ 4326ಕ್ಕೆ ಹಿಂದಕ್ಕೆ ಪರಿವರ್ತಿಸಲು ಮರೆಯಬೇಡಿ.

ಇಂಟರ್ಸೆಕ್ಷನ್‌ನಲ್ಲಿ ಒಂದು ಸಣ್ಣ ಕಸ ಬರುವುದುಂಟು. ಗ್ರಾಮವೊಂದು ಚೌಕಟ್ಟನ್ನು ಒಂದು ಬಿಂದುವಿನಲ್ಲೋ ಒಂದು ಬದಿಯಲ್ಲೋ ತಾಗಿದ್ದರೆ ಫಲಿತಾಂಶವಾಗಿ ಬಿಂದು ಅಥವಾ ಗೆರೆ ಸಿಗುತ್ತದೆ, ಬಹುಭುಜಗಳ ಪದರದಲ್ಲಿ ಅದು ಬೆರೆತರೆ ಕಡತ ಉಳಿಸುವಾಗ ತಕರಾರು ಬರುತ್ತದೆ. ಜಿಯೋಪಾಂಡಾಸ್‌ನ ಕ್ಲಿಪ್‌ನಲ್ಲಿ ಕೀಪ್ ಜಿಯೋಮ್ ಟೈಪ್ ಎಂಬ ಆಯ್ಕೆಯನ್ನು ನಿಜ ಎಂದಿಟ್ಟರೆ ಅವು ತಾವಾಗಿಯೇ ಹೊರಗುಳಿಯುತ್ತವೆ. ಕತ್ತರಿಸಿದ ಮೇಲೆ ಒಂದೇ ಪದರದಲ್ಲಿ ಒಂಟಿ ಬಹುಭುಜಗಳೂ ಬಹುಖಂಡ ಬಹುಭುಜಗಳೂ ಬೆರೆತಿರುತ್ತವೆ, ಆದ್ದರಿಂದ ಎಲ್ಲವನ್ನೂ ಬಹುಖಂಡಕ್ಕೆ ಏರಿಸಿ ಉಳಿಸಿ. ಓಜಿಆರ್‌ಟುಓಜಿಆರ್‌ನಲ್ಲಿ ಇದಕ್ಕೆ ಪ್ರಮೋಟ್ ಟು ಮಲ್ಟಿ ಎಂಬ ಮೌಲ್ಯವೇ ಇದೆ.

ಇನ್ನೊಂದು ಸೂಕ್ಷ್ಮ: ಕತ್ತರಿಸಿದ ಅಂಚು ಎರಡೇ ಬಿಂದುಗಳ ನೇರ ಗೆರೆ. ಡಿಗ್ರಿಗಳಲ್ಲಿ ಕತ್ತರಿಸಿ ಯುಟಿಎಂಗೆ ಒಯ್ದರೆ ಅಕ್ಷಾಂಶದ ನಿಜವಾದ ಬಾಗು ಅದರಲ್ಲಿ ಇರುವುದಿಲ್ಲ. 0.2 ಡಿಗ್ರಿ ಅಗಲದ ಮಂಡ್ಯದ ಚೌಕಟ್ಟಿನಲ್ಲಿ ಈ ವ್ಯತ್ಯಾಸ ಹೆಚ್ಚೆಂದರೆ ಎರಡು ಮೀಟರ್, ಲೆಕ್ಕಕ್ಕಿಲ್ಲ. ಅದೇ ರಾಜ್ಯಮಟ್ಟದಲ್ಲಿ, 15ನೇ ಅಕ್ಷಾಂಶದ ಮೇಲೆ ನಾಲ್ಕು ಡಿಗ್ರಿ ಅಗಲದ ಆಯತವಾದರೆ ಅದು ಸುಮಾರು ಒಂದು ಕಿಲೋಮೀಟರ್‌ಗೆ ಏರುತ್ತದೆ. ಅಲ್ಲಿ ಪರಿವರ್ತಿಸುವ ಮುನ್ನ ಆಯತದ ಬದಿಗಳಿಗೆ ಸೆಗ್ಮೆಂಟೈಜ್ ಮೂಲಕ ನಡುಬಿಂದುಗಳನ್ನು ತುಂಬಲೇಬೇಕು.


ಉತ್ತರ: ಭೂಮಾಪಕ, ಮಂಡ್ಯ

ನಾಲೆಯ ಉದ್ದದ ಪ್ರಶ್ನೆಗೆ ನನ್ನ ಉತ್ತರ: ಚೌಕಟ್ಟಿನೊಳಗಿನ ಉದ್ದ ಎಷ್ಟು ಎಂಬುದಕ್ಕೆ ಕತ್ತರಿಸಿದ ಪದರ ಸಾಕು, ನಾಲೆಯ ಮೇಲ್ಭಾಗ ಎಲ್ಲಿ, ಕೊನೆಭಾಗ ಎಲ್ಲಿ ಎಂಬುದಕ್ಕೆ ಅದನ್ನು ಬಳಸಲೇಬಾರದು.

ವಿಶ್ವೇಶ್ವರಯ್ಯ ನಾಲೆ ಹುಟ್ಟುವುದು ಕೃಷ್ಣರಾಜಸಾಗರ ಅಣೆಕಟ್ಟೆಯ ಎಡದಂಡೆಯಲ್ಲಿ. ಅಣೆಕಟ್ಟೆ ಇರುವುದು ಸುಮಾರು 76.57 ಡಿಗ್ರಿ ರೇಖಾಂಶದಲ್ಲಿ, ಅಂದರೆ ನಿಮ್ಮ ಚೌಕಟ್ಟಿನ ಪಶ್ಚಿಮ ಬದಿಗಿಂತ ಸುಮಾರು ಇಪ್ಪತ್ತೈದು ಕಿಲೋಮೀಟರ್ ಆಚೆ. ಈ ನಾಲೆ ಹಾದುಹೋಗುವ ಹುಲಿಕೆರೆಯ ಸುರಂಗವೂ ಚೌಕಟ್ಟಿನ ಹೊರಗೇ ಉಳಿಯುತ್ತದೆ. ಇತ್ತ ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗದ ಬಹುಪಾಲೂ ಪೂರ್ವ ಮತ್ತು ದಕ್ಷಿಣ ಬದಿಗಳ ಆಚೆಗೆ ಬೀಳುತ್ತದೆ. ಗೆರೆಯನ್ನು ಕತ್ತರಿಸಿದ ಮೇಲೆ ಕೋಡ್‌ಗೆ ಕಾಣುವ ಮೊದಲ ಬಿಂದು ಚೌಕಟ್ಟಿನ ಅಂಚು, ಕೊನೆಯ ಬಿಂದುವೂ ಚೌಕಟ್ಟಿನ ಅಂಚೇ. ಆ ತುಂಡನ್ನು ಮೂರು ಭಾಗ ಮಾಡಿ ಬಣ್ಣ ಹಚ್ಚಿದರೆ, ಮಧ್ಯಭಾಗದ ರೈತನನ್ನು ನಕ್ಷೆಯು ಮೇಲ್ಭಾಗದವನೆಂದೋ ಕೊನೆಭಾಗದವನೆಂದೋ ತೋರಿಸುತ್ತದೆ. ನೀರಿನ ಸರದಿಯ ಮಾತು ಬಂದಾಗ ಸಂಘದ ಗೋಡೆಯ ಮೇಲಿರುವ ಇಂಥ ನಕ್ಷೆ ಸುಮ್ಮನೆ ಅಲಂಕಾರವಾಗಿ ಉಳಿಯುವುದಿಲ್ಲ, ಅದನ್ನೇ ಬೆರಳಿಟ್ಟು ತೋರಿಸಿ ವಾದ ನಡೆಯುತ್ತದೆ.

ಆದ್ದರಿಂದ ನಾಲೆಯ ಪದರವನ್ನು ಆರಂಭದಲ್ಲಿ ಬಿಬಾಕ್ಸ್ ಕೊಡದೆ ಪೂರ್ತಿ ಓದಿ. ಗ್ರಾಮಗಳ ಕಡತದ ಹಾಗೆ ಅದು ದೊಡ್ಡದೇನೂ ಇರುವುದಿಲ್ಲ. ಪ್ರತಿ ವಿತರಣಾ ನಾಲೆಯನ್ನೂ ಅದರ ತಲೆತೂಬಿನಿಂದ ಕೊನೆಯವರೆಗೆ ಒಂದೇ ಗೆರೆಯಾಗಿ ಹೊಂದಿಸಿ, ಗೆರೆಯ ದಿಕ್ಕು ನೀರು ಹರಿಯುವ ದಿಕ್ಕಿಗೇ ಇದೆಯೇ ಎಂದು ನೋಡಿ. ಗೆರೆ ಎಳೆದವರು ಎಲ್ಲಿಂದ ಎಳೆಯಲು ಆರಂಭಿಸಿದ್ದಾರೆ ಎಂಬುದರ ಮೇಲೆ ಅದು ನಿಂತಿರುತ್ತದೆ, ಮತ್ತು ಬೇರೆ ಬೇರೆಯವರು ಎಳೆದ ಪದರದಲ್ಲಿ ದಿಕ್ಕುಗಳು ಬೆರೆತಿರುವುದು ಸಾಮಾನ್ಯ. ಅನಂತರ ತಲೆತೂಬಿನಿಂದ ಇರುವ ದೂರವನ್ನು ಲೆಕ್ಕ ಹಾಕಿ, ಮೂರು ಭಾಗಗಳಾಗಿ ಒಡೆದು, ಪ್ರತಿ ಭಾಗಕ್ಕೂ ಅದರ ಗುರುತನ್ನು ಕಾಲಂನಲ್ಲಿ ಬರೆಯಿರಿ. ತೂಬುಗಳ ಬಿಂದುಗಳಿಗೂ ಅವು ಯಾವ ನಾಲೆಯ ಎಷ್ಟನೇ ಕಿಲೋಮೀಟರ್‌ನಲ್ಲಿವೆ ಎಂಬುದನ್ನು ಈ ಹಂತದಲ್ಲೇ ಸೇರಿಸಿ. ಇಷ್ಟಾದ ಮೇಲೆ ಕತ್ತರಿಸಿದರೆ ಮೇಲ್ಭಾಗ, ಕೊನೆಭಾಗ ಎಂಬ ಗುರುತು ತುಂಡಿನ ಜೊತೆಗೇ ಬರುತ್ತದೆ, ಮತ್ತು ಅದು ಕತ್ತರಿಸಿದ ಮೇಲೂ ಸರಿಯಾಗಿಯೇ ಉಳಿಯುವ ಜಾತಿಯ ಕಾಲಂ.

ಪ್ರತಿ ಆಕೃತಿಗೂ ಕತ್ತರಿಸುವ ಮುನ್ನವೇ ಒಂದು ಗುರುತಿನ ಸಂಖ್ಯೆ ಕೊಟ್ಟಿರಿ. ಸೀಳುನಾಲೆಯೊಂದು ಚೌಕಟ್ಟಿನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಅದು ಎರಡು ತುಂಡಾಗುತ್ತದೆ. ಎಕ್ಸ್‌ಪ್ಲೋಡ್ ಮಾಡಿದರೆ, ಅಂದರೆ ತುಂಡುಗಳನ್ನು ಬಿಡಿಸಿದರೆ, ಕೋಷ್ಟಕದಲ್ಲಿ ಎರಡು ಸಾಲಾಗಿ, ಎರಡು ನಾಲೆಗಳೆಂದು ಎಣಿಕೆಯಾಗುತ್ತದೆ. ಗುರುತಿನ ಸಂಖ್ಯೆ ಇದ್ದರೆ ಅವನ್ನು ಮತ್ತೆ ಒಂದುಗೂಡಿಸಬಹುದು.

ಅಚ್ಚುಕಟ್ಟಿನ ಎಕರೆಗೂ ಇದೇ ನಿಯಮ ಅನ್ವಯಿಸುತ್ತದೆ. ಒಂದು ವಿತರಣಾ ನಾಲೆಯ ಒಟ್ಟು ಅಚ್ಚುಕಟ್ಟನ್ನು ಕತ್ತರಿಸದ ಪದರದಿಂದ ಅಳೆದು ಕೋಷ್ಟಕದಲ್ಲಿ ಕೊಡಿ, ನಕ್ಷೆಯೊಳಗೆ ಕಾಣುವ ಭಾಗ ಇಷ್ಟು ಎಂದು ಪಕ್ಕದ ಕಾಲಂನಲ್ಲಿ ಬೇರೆಯಾಗಿ ಕೊಡಿ. ಎಕರೆ ಗುಂಟೆಗಳಲ್ಲಿ ಬರೆಯುವಾಗ ದಶಮಾಂಶದ ಭಾಗವನ್ನು 40ರಿಂದ ಗುಣಿಸಿ ಗುಂಟೆಗೆ ತನ್ನಿ. 3.5 ಎಕರೆಯನ್ನು ಸಂಘದ ಸದಸ್ಯರು ಮೂರು ಎಕರೆ ಐದು ಗುಂಟೆ ಎಂದು ಓದುವ ಸಾಧ್ಯತೆ ಇದ್ದೇ ಇದೆ, ಅದು ಮೂರು ಎಕರೆ ಇಪ್ಪತ್ತು ಗುಂಟೆ.


ಉತ್ತರ: ಕುಕ್ಕರಹಳ್ಳಿ

ಕತ್ತರಿಸಿದ ಪದರಗಳನ್ನು ಶೇಪ್‌ಫೈಲ್ ಆಗಿ ಉಳಿಸುವ ಆಲೋಚನೆ ಇದ್ದರೆ ಬಿಟ್ಟುಬಿಡಿ, ಜಿಯೋಪ್ಯಾಕೇಜ್‌ನಲ್ಲೇ ಉಳಿಸಿ. ಶೇಪ್‌ಫೈಲ್‌ನ ಕಾಲಂ ಹೆಸರಿಗೆ ಹತ್ತು ಬೈಟ್‌ಗಳ ಮಿತಿಯಿದೆ, ಯುಟಿಎಫ್ 8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಒತ್ತಕ್ಷರ, ಕಾಗುಣಿತದ ಚಿಹ್ನೆಗಳೂ ಪ್ರತ್ಯೇಕ ಸಂಕೇತಗಳಾಗಿರುವುದರಿಂದ "ವಿಸ್ತೀರ್ಣ" ಎಂಬ ಕಾಲಂ "ವಿಸ" ಎಂಬಲ್ಲಿಗೇ ನಿಲ್ಲುತ್ತದೆ. "ಒಳಗಿನ ಪಾಲು", "ಒಳಗಿನ ಉದ್ದ" ಎಂಬ ಎರಡು ಕಾಲಂಗಳಿದ್ದರೆ ಎರಡೂ ಒಂದೇ ಹೆಸರಿಗೆ ಮೊಟಕಾಗುತ್ತವೆ. ಜಿಯೋಪ್ಯಾಕೇಜ್‌ನಲ್ಲಿ ಮೂಲ ಪದರ, ಕತ್ತರಿಸಿದ ಪದರ, ಚೌಕಟ್ಟಿನ ಆಯತ ಇವೆಲ್ಲವನ್ನೂ ಒಂದೇ ಕಡತದಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇಡಬಹುದು. ಆಯತವನ್ನೂ ಒಂದು ಪದರವಾಗಿ ಇಟ್ಟುಕೊಂಡರೆ ಮುಂದೆ ಕೆರೆ ಅಥವಾ ರಸ್ತೆಯ ಪದರವನ್ನು ಸೇರಿಸುವಾಗ ಸಂಖ್ಯೆಗಳನ್ನು ಮತ್ತೆ ಟೈಪ್ ಮಾಡಬೇಕಾಗುವುದಿಲ್ಲ.